ಚಿತ್ರಕ್ಕೆ ಮರುಳಾಗುವ ಮುನ್ನ ಮರ ನೋಡಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಕರಕುಶಲ ಮಳಿಗೆಗೆ ಹೋದವರು ದಸರಾ ಆನೆಯ ಟೀಪಾಯಿಯ ಎದುರು ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ಕಪ್ಪು ಮಿಶ್ರಿತ ಕಂದು ಹಲಗೆ, ಅದರ ಮೇಲೆ ಹಳದಿ, ಬಿಳಿ, ಕೆಂಪು ಮರದ ಚೂರುಗಳಲ್ಲೇ ಮೂಡಿದ ಅಂಬಾರಿ. ಬೆಲೆಯ ಚೀಟಿ ತಿರುಗಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಂಥದೇ ಆನೆಯಿರುವ ಟೀಪಾಯಿ ಇನ್ನೊಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಆನ್‌ಲೈನ್‌ನಲ್ಲಿ ಇನ್ನೂ ಅಗ್ಗಕ್ಕೆ. ಫೋಟೊದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಹಾಗಿದ್ದರೆ ದುಡ್ಡು ಎಲ್ಲಿಗೆ ಹೋಗುತ್ತದೆ?

ಚಿತ್ರ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ತಳದ ಹಲಗೆ ಯಾವ ಮರದ್ದು, ಚಿತ್ರದ ಚೂರುಗಳು ಯಾವ ಮರದವು, ಇವೆರಡೂ ಎಷ್ಟು ಬಿಗಿಯಾಗಿ ಕೂಡಿವೆ ಎಂಬ ಮೂರು ಸಂಗತಿ ತಿಳಿದರೆ ಇನ್‌ಲೇ ಪೀಠೋಪಕರಣದ ಯೋಗ್ಯತೆ ಅರ್ಧಕ್ಕಿಂತ ಹೆಚ್ಚು ತಿಳಿದಂತೆಯೇ. ಮನೆಗೆ ಹಳೆಯ ಮಾದರಿಯ ಮೇಜು, ದಿವಾನ, ಡ್ರೆಸ್ಸಿಂಗ್ ಟೇಬಲ್, ಬಾಗಿಲು ಅಥವಾ ಚಿಕ್ಕ ಪೆಟ್ಟಿಗೆ ಕೊಳ್ಳಲು ಹೊರಟವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಗೊತ್ತುಮಾಡಿಕೊಳ್ಳಬೇಕಾದ ವಿಷಯಗಳು ಇಲ್ಲಿವೆ.

ಅರಮನೆಯಿಂದ ಅಂಗಡಿಗೆ

ಮರದ ಮೇಲ್ಮೈಯನ್ನು ಆಕಾರಕ್ಕೆ ತಕ್ಕಂತೆ ತೋಡಿ, ಆ ಗುಳಿಯಲ್ಲಿ ಬೇರೆ ಮರ, ದಂತ, ಮೂಳೆ, ಚಿಪ್ಪು ಅಥವಾ ಲೋಹವನ್ನು ಕೂರಿಸಿ ಮಟ್ಟಮಾಡುವುದು ಇನ್‌ಲೇ. ಭಾರತದಲ್ಲಿ ಇದಕ್ಕೆ ಹಲವು ಊರುಗಳು ಹೆಸರಾಗಿವೆ. ಉತ್ತರಪ್ರದೇಶದ ಮೈನ್‌ಪುರಿಯಲ್ಲಿ ಶೀಶಂ ಮರಕ್ಕೆ ಹಿತ್ತಾಳೆ ತಂತಿ ಹೊಡೆದು ಕೂರಿಸುವ ತಾರ್‌ಕಶಿ ಇದೆ. ಪಂಜಾಬಿನ ಹೋಶಿಯಾರ್‌ಪುರ ಒಂದು ಕಾಲಕ್ಕೆ ದಂತದ ಇನ್‌ಲೇಗೆ ಪ್ರಸಿದ್ಧವಾಗಿತ್ತು. ಹದಿನೆಂಟನೇ ಶತಮಾನದಲ್ಲಿ ವಿಶಾಖಪಟ್ಟಣದ ಕುಶಲಕರ್ಮಿಗಳು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗಾಗಿ ದಂತ ಕೂರಿಸಿದ ಕುರ್ಚಿ, ಪೆಟ್ಟಿಗೆ, ಬರೆಯುವ ಮೇಜುಗಳನ್ನು ಮಾಡುತ್ತಿದ್ದರು. ದಂತದ ಮೇಲೆ ಸಣ್ಣ ಗೀರು ಹಾಕಿ ಅದಕ್ಕೆ ಕಪ್ಪು ಅರಗು ತುಂಬುವುದು ಅವರ ವಿಶೇಷ. ಆ ಸಾಮಾನು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಇದೆ.

ಮೈಸೂರು ಸೀಮೆಯದು ಬೀಟೆ, ಅಂದರೆ ರೋಸ್‌ವುಡ್ ಮರದ ಮೇಲಿನ ಕೆಲಸ. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದರೆ ದಂತದ ಕೆಲಸವಿರುವ ಬಾಗಿಲುಗಳನ್ನು ನೋಡಬಹುದು. ಅವು ಲಾರ್ಡ್ ಡಾಲ್‌ಹೌಸಿ ಕೊಡಿಸಿದವು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಈಗಿನ ಅರಮನೆ ಎದ್ದು ನಿಂತಿತು. ಅದರೊಳಗಿನ ಅಂಬಾವಿಲಾಸದ ಬಳಿ ದಂತ ಕೂರಿಸಿದ ಬೀಟೆಯ ಬಾಗಿಲುಗಳು ಇಂದಿಗೂ ಇವೆ. ಈ ಕಲೆ ಚೆನ್ನಾಗಿದ್ದರೆ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿ ಮಾಡಿಸಲು ಅವಕ್ಕಿಂತ ಒಳ್ಳೆಯ ಪಾಠವಿಲ್ಲ. ಅಂಗಡಿಗೆ ಹೋಗುವ ಮೊದಲು ಅರಮನೆಗೆ ಹೋಗಿಬನ್ನಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಂಥ ಕಡೆ ಮರಗೆಲಸಕ್ಕೆ ಶಿಸ್ತಿನ ತರಬೇತಿ ಸಿಕ್ಕಿತು. 1964ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ‘ಕಾವೇರಿ’ ಮಳಿಗೆಗಳ ಮೂಲಕ ಇದಕ್ಕೆ ಮಾರುಕಟ್ಟೆ ಒದಗಿಸಿತು. 2005ರ ಸುಮಾರಿಗೆ ‘ಮೈಸೂರು ರೋಸ್‌ವುಡ್ ಇನ್‌ಲೇ’ಗೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆಯೂ ಬಂತು. ಬೇರೆ ಕಡೆ ತಯಾರಾದ ಮಾಲಿಗೆ ಆ ಹೆಸರು ಹಚ್ಚಿ ಮಾರುವಂತಿಲ್ಲ.

ತಳದ ಮರ: ಬೀಟೆಯೇ ಯಾಕೆ?

ಇನ್‌ಲೇಗೆ ತಳವಾಗುವ ಮರಕ್ಕೆ ಮೂರು ಗುಣ ಬೇಕು. ಹವೆ ಬದಲಾದಾಗ ಅದು ಸೊಟ್ಟಗಾಗಬಾರದು. ಉಳಿಯಲ್ಲಿ ತೋಡಿದರೆ ಅಂಚು ಚಕ್ಕೆ ಏಳಬಾರದು. ಬಣ್ಣ ಗಾಢವಾಗಿದ್ದು ಮೇಲಿನ ಚಿತ್ರವನ್ನು ಎತ್ತಿ ತೋರಿಸಬೇಕು. ಪಶ್ಚಿಮಘಟ್ಟದ ಬೀಟೆಯಲ್ಲಿ ಈ ಮೂರೂ ಇವೆ. ಸಸ್ಯಶಾಸ್ತ್ರದಲ್ಲಿ ಇದು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಕಂದಿನಿಂದ ನೇರಳೆಯವರೆಗೆ ಇರುತ್ತದೆ, ನಡುವೆ ಕಪ್ಪು ಗೆರೆಗಳು ಓಡುತ್ತವೆ. ಹೊಸದಾಗಿ ಕೊಯ್ದಾಗ ನವಿರಾದ ಪರಿಮಳವಿರುತ್ತದೆ. ಹೊರಗಿನ ಬಿಳಿ ಭಾಗ ಪೀಠೋಪಕರಣಕ್ಕೆ ಬಾರದು. ಕುಟ್ಟೆ ಹುಳು ಹಿಡಿಯುವುದು ಆ ಭಾಗಕ್ಕೇ.

ಬೀಟೆ ಭಾರವಾದ ಮರ. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುತ್ತದೆ, ತೇಗ ಸುಮಾರು 650. ಅಂಗಡಿಯಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪದ ಮೇಜಿನ ಹಲಗೆ ಅಪ್ಪಟ ಬೀಟೆಯದಾದರೆ ಹೆಚ್ಚುಕಡಿಮೆ 16 ಕೆ.ಜಿ. ಬರಬೇಕು, ತೇಗದ್ದಾದರೆ 12. ಒಂದೇ ಕೈಯಲ್ಲಿ ಹಗುರವಾಗಿ ಎತ್ತಿದ ಹಲಗೆಗೆ ‘ಅಪ್ಪಟ ಬೀಟೆ ಸಾರ್’ ಎಂದರೆ ನಂಬಬೇಡಿ.

ಬೀಟೆಯ ಹೆಸರಿನಲ್ಲಿ ಮಾರಾಟವಾಗುವ ಮರಗಳು ಹಲವು.

ಶೀಶಂ: ಉತ್ತರ ಭಾರತದ ಮರ. ಬೀಟೆಯ ಹತ್ತಿರದ ಸಂಬಂಧಿ, ಡಾಲ್ಬರ್ಜಿಯಾ ಸಿಸ್ಸೂ. ಜೋಧ್‌ಪುರದಿಂದ ಬರುವ ಪೀಠೋಪಕರಣದಲ್ಲಿ ಇದರ ಬಳಕೆ ಹೆಚ್ಚು. ಆನ್‌ಲೈನ್ ಮಳಿಗೆಗಳು ಇದನ್ನೂ ‘ಇಂಡಿಯನ್ ರೋಸ್‌ವುಡ್’ ಎಂದೇ ಮಾರುತ್ತವೆ. ಗಟ್ಟಿಮುಟ್ಟಾದ ಒಳ್ಳೆಯ ಮರವೇ. ಆದರೆ ಬಣ್ಣ ಹೊಂಗಂದು, ಬೀಟೆಯ ನೇರಳೆ ಛಾಯೆ ಇರುವುದಿಲ್ಲ. ಶೀಶಂನ ಬೆಲೆಗೆ ಶೀಶಂ ಕೊಂಡರೆ ತಪ್ಪೇನಿಲ್ಲ. ಬೀಟೆಯ ಬೆಲೆ ತೆರಬೇಡಿ.

ತೇಗ: ತಳಕ್ಕೆ ಬಲು ಯೋಗ್ಯ. ಸ್ವಾಭಾವಿಕ ಎಣ್ಣೆಯಂಶವಿರುವುದರಿಂದ ಗೆದ್ದಲು, ತೇವ ಎರಡನ್ನೂ ತಡೆಯುತ್ತದೆ. ಬಣ್ಣ ಹೊನ್ನಿನದಾದ್ದರಿಂದ ತಿಳಿ ಬಣ್ಣದ ಚೂರುಗಳು ಇದರ ಮೇಲೆ ಬೀಟೆಯ ಮೇಲಿನಷ್ಟು ಎದ್ದು ಕಾಣುವುದಿಲ್ಲ. ಕಪ್ಪು, ಕೆಂಪು ಮರ ಚೆನ್ನಾಗಿ ಕಾಣುತ್ತದೆ.

ಸಿಲ್ವರ್ ಓಕ್: ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. ಹಗುರ, ಅಗ್ಗ. ಇದಕ್ಕೆ ಗಾಢ ಬಣ್ಣ ಹಚ್ಚಿ ‘ರೋಸ್‌ವುಡ್ ಫಿನಿಶ್’ ಎನ್ನುವುದುಂಟು. ಹತ್ತಿರದಿಂದ ನೋಡಿದರೆ ಲೇಸಿನಂಥ ಮಚ್ಚೆಗಳು ಕಾಣುತ್ತವೆ. ಆ ಮಚ್ಚೆಯೇ ಇದರ ಗುರುತು. ‘ಫಿನಿಶ್’ ಎಂಬ ಮಾತು ಬಂದರೆ ಬಣ್ಣದ ಬಗ್ಗೆ ಹೇಳುತ್ತಿದ್ದಾರೆ, ಮರದ ಬಗ್ಗೆ ಅಲ್ಲ ಎಂದು ತಿಳಿಯಿರಿ.

ಪ್ಲೈವುಡ್, ಎಂಡಿಎಫ್: ಮೇಲೆ ಬೀಟೆಯ ತೆಳು ವೆನೀರ್ ಅಂಟಿಸಿರುತ್ತಾರೆ. ಗೋಡೆಗೆ ತೂಗುಹಾಕುವ ಫಲಕಕ್ಕೆ ಪ್ಲೈವುಡ್ ತಳ ಕೆಟ್ಟದ್ದಲ್ಲ, ಸೊಟ್ಟಗಾಗದೆ ಉಳಿಯುತ್ತದೆ. ದಿನಬಳಕೆಯ ಮೇಜಿಗೆ ಎಂಡಿಎಫ್ ಬೇಡ. ನೀರು ತಾಗಿದರೆ ಉಬ್ಬಿ ಚಿತ್ರವನ್ನೆಲ್ಲ ಎಬ್ಬಿಸಿಬಿಡುತ್ತದೆ.

ಬಣ್ಣಗಳ ಡಬ್ಬಿಯಾಗಿರುವ ಕಾಡು

ಹಳೆಯ ಕಾಲದ ಚಿತ್ರಗಳಲ್ಲಿ ದಂತದ ಬಿಳುಪೇ ಪ್ರಧಾನವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದಿಂದ ಬರುತ್ತಿದ್ದ ದಂತಕ್ಕೂ ತಡೆ ಹಾಕಿತು. ಇಂದಿನ ಮೈಸೂರು ಫಲಕಗಳ ಬೆಡಗು ಬಣ್ಣಬಣ್ಣದ ಮರಗಳದ್ದು. ಬಣ್ಣ ಬಳಿಯದೆ ಮರದ ಸಹಜ ವರ್ಣದಲ್ಲೇ ಚಿತ್ರ ಮೂಡಿಸುವುದರಲ್ಲಿ ಕಸುಬುದಾರನ ಜಾಣ್ಮೆ ಇದೆ.

ಬಿಳಿಗೆ ಹಾಲೆ ಮರವಿದೆ. ಚನ್ನಪಟ್ಟಣದ ಬೊಂಬೆಗೂ ಬಳಸುವ ಮರ ಇದು. ಎಳೆ ನುಣುಪು, ಬಣ್ಣ ದಂತದ ಸನಿಹ. ರಬ್ಬರ್ ಮರವೂ ತಿಳಿಬಣ್ಣದ್ದು, ಆದರೆ ಅದರಲ್ಲಿ ಪಿಷ್ಟದ ಅಂಶ ಹೆಚ್ಚಿರುವುದರಿಂದ ಕುಟ್ಟೆ ಬೇಗ ಹಿಡಿಯುತ್ತದೆ. ಬೋರಾನ್ ಉಪಚಾರ ಆಗಿರಲೇಬೇಕು.

ಹಳದಿಗೆ ಹಲಸು. ಹೊಸದಾಗಿ ಕೊಯ್ದ ಹಲಸಿನ ಚೇಗು ಅರಿಸಿನದಂತೆ ಹೊಳೆಯುತ್ತದೆ. ಬೆಳಕು, ಗಾಳಿ ತಾಗುತ್ತ ವರ್ಷಗಳು ಕಳೆದ ಹಾಗೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ದೋಷವಲ್ಲ, ಮರದ ಸ್ವಭಾವ. ಹಳೆಯ ಫಲಕದಲ್ಲಿ ಹಳದಿ ಇನ್ನೂ ಝಗಝಗ ಎನ್ನುತ್ತಿದ್ದರೆ ಅದು ಹಲಸಲ್ಲ, ಇಲ್ಲವೇ ಫಲಕ ಹಳೆಯದಲ್ಲ.

ಹೊಂಗಂದಿಗೆ ಹೊನ್ನೆ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಲೋಟ ಮಾಡುತ್ತಾರಲ್ಲ, ಅದೇ ಮರ. ನೀರಿಗೆ ಬಣ್ಣ ಬಿಡುವ ಗುಣ ಇದಕ್ಕಿರುವುದರಿಂದ ಪಾಲಿಶ್ ಸರಿಯಾಗಿ ಮುಚ್ಚಿರಬೇಕು. ತೇವ ತಾಗಿದರೆ ಪಕ್ಕದ ಬಿಳಿ ಚೂರಿಗೆ ಹಳದಿ ಹತ್ತಬಹುದು.

ಕೆಂಪಿಗೆ ಪಡೌಕ್ ಮತ್ತು ರಕ್ತಚಂದನ. ಅಂಡಮಾನಿನ ಪಡೌಕ್ ಕಿತ್ತಳೆಗೆಂಪು. ಬಿಸಿಲಿಗೆ ಬಿದ್ದರೆ ಕಾಲಕ್ರಮದಲ್ಲಿ ಕಂದಾಗುತ್ತದೆ. ಆಂಧ್ರದ ದಕ್ಷಿಣ ಭಾಗದ ಬೆಟ್ಟಗಳಲ್ಲಿ ಸಹಜವಾಗಿ ಬೆಳೆಯುವ ರಕ್ತಚಂದನಕ್ಕೆ ಕಾನೂನಿನ ಕಟ್ಟುನಿಟ್ಟು ಹೆಚ್ಚು. ಚೂರು ಚಿಕ್ಕದಾದರೂ ಅದರ ಮೂಲ ಕೇಳುವುದು ಒಳ್ಳೆಯದು.

ಕಪ್ಪಿಗೆ ಕರಿಮರ, ಅಂದರೆ ಎಬೊನಿ. ಈಗ ಅಪರೂಪ. ಬೇರೆ ಮರಕ್ಕೆ ಕಪ್ಪು ಹಾಕಿ ಕೂರಿಸುವುದೇ ಹೆಚ್ಚು.

ಹಸಿರು ಛಾಯೆಗೆ ಸಂಪಿಗೆ. ಇದರ ಚೇಗಿಗೆ ಆಲಿವ್ ಕಾಯಿಯ ಮಸುಕು ಹಸಿರಿರುತ್ತದೆ. ಗಿಣಿಹಸಿರು, ಆಕಾಶನೀಲಿ ನಮ್ಮ ಮರಗಳಲ್ಲಿ ಇಲ್ಲ. ಅಂಥ ಬಣ್ಣ ಕಂಡರೆ ಅದು ಬಣ್ಣ ಕುಡಿಸಿದ ಮರ ಎಂದೇ ತಿಳಿಯಿರಿ. ಮೋಸವೆಂದು ಹೇಳಲಾಗದು, ಆದರೆ ಬಿಸಿಲಿಗೆ ಮೊದಲು ಮಾಸುವುದು ಅದೇ.

ಒಳ್ಳೆಯ ಕಸುಬುದಾರ ಬಣ್ಣದ ಜತೆ ಎಳೆಯನ್ನೂ ಆರಿಸುತ್ತಾನೆ. ಹೊಳೆಯ ನೀರಿಗೆ ಅಲೆಅಲೆಯಾಗಿ ಎಳೆಯಿರುವ ತುಂಡು, ಸಂಜೆಯ ಮೋಡಕ್ಕೆ ಗೆರೆ ಚದುರಿದ ತುಂಡು, ಎತ್ತಿನ ಮೈಗೆ ನಯವಾದ ತುಂಡು. ಫಲಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಇದನ್ನು ಗಮನಿಸಿ. ನೀರು, ಆಕಾಶ, ನೆಲ ಎಲ್ಲಕ್ಕೂ ಒಂದೇ ಎಳೆಯ ತುಂಡು ಹಾಕಿದ್ದರೆ ಕೆಲಸ ಅವಸರದ್ದು.

ಕೆಲಸ ನಡೆಯುವ ಬಗೆ

ಮೊದಲು ಕಾಗದದ ಮೇಲೆ ಚಿತ್ರ. ಅದರ ಒಂದೊಂದು ಭಾಗಕ್ಕೂ ಯಾವ ಮರ ಎಂದು ಗುರುತು ಹಾಕುತ್ತಾರೆ. ತೆಳುವಾದ ಹಲಗೆಯ ಮೇಲೆ ಆಯಾ ಭಾಗದ ಆಕಾರ ಅಂಟಿಸಿ, ಕೂದಲೆಳೆಯಷ್ಟು ಸಣ್ಣ ಅಲಗಿನ ಗರಗಸದಿಂದ ಕೊಯ್ಯುತ್ತಾರೆ. ಆನೆಯ ಸೊಂಡಿಲು, ದಂತ, ಜೂಲು, ಗಂಟೆ ಎಲ್ಲವೂ ಬೇರೆಬೇರೆ ಚೂರು. ಕೊಯ್ದ ಚೂರುಗಳನ್ನು ಬೀಟೆಯ ಹಲಗೆಯ ಮೇಲಿಟ್ಟು ಸುತ್ತ ಚೂಪು ಮೊಳೆಯಿಂದ ಗೆರೆ ಎಳೆದು, ಆ ಗೆರೆಯ ಒಳಗೆ ಉಳಿಯಿಂದ ತೋಡುತ್ತಾರೆ. ಇಲ್ಲಿಯೇ ಕೈ ಪಳಗಿದವನು ಯಾರು ಎಂಬುದು ತಿಳಿಯುತ್ತದೆ. ಗುಳಿ ಒಂದಿಷ್ಟು ದೊಡ್ಡದಾದರೆ ಸಂದು ಬೀಳುತ್ತದೆ, ಚಿಕ್ಕದಾದರೆ ಚೂರು ಕೂರುವುದಿಲ್ಲ. ತಳ ಸಮವಾಗಿರದಿದ್ದರೆ ಅಂಟು ಒಂದೆಡೆ ಹಿಡಿದು ಇನ್ನೊಂದೆಡೆ ಬಿಡುತ್ತದೆ.

ಅಂಟಿಸುವುದೂ ಸಲೀಸಲ್ಲ. ಬೀಟೆ, ತೇಗ ಎರಡರಲ್ಲೂ ಎಣ್ಣೆಯಂಶವಿರುವುದರಿಂದ ಆಗಷ್ಟೇ ತೋಡಿದ ಹಸಿ ಮೈಗೆ ಅಂಟು ಹಾಕಬೇಕು, ಇಲ್ಲವೇ ಒರೆಸಿ ಎಣ್ಣೆ ತೆಗೆಯಬೇಕು. ಹಿಂದೆ ಪ್ರಾಣಿಜನ್ಯ ಅಂಟನ್ನು ಕಾಯಿಸಿ ಬಳಸುತ್ತಿದ್ದರು, ಈಗ ಫೆವಿಕಾಲ್‌ನಂಥ ಅಂಟು. ಒಣಗಿದ ಮೇಲೆ ಒರಟಿನಿಂದ ನಯದವರೆಗೆ ಉಪ್ಪು ಕಾಗದ ಹಚ್ಚಿ ಇಡೀ ಮೈ ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜುತ್ತಾರೆ. ಕಣ್ಣು, ಬೆರಳು, ಸೀರೆಯ ನೆರಿಗೆಯಂಥ ಸೂಕ್ಷ್ಮಗಳನ್ನು ಮೊನೆಯಿಂದ ಗೀರಿ ಕಪ್ಪು ತುಂಬುತ್ತಾರೆ. ಕೊನೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಹತ್ತಿ ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಹಚ್ಚುವ ಫ್ರೆಂಚ್ ಪಾಲಿಶ್, ಅಥವಾ ಈಗಿನ ಮೆಲಮೈನ್, ಪಿಯು ಲೇಪ. ಬೀಟೆಯ ಧೂಳು ಚರ್ಮಕ್ಕೂ ಶ್ವಾಸಕ್ಕೂ ಅಲರ್ಜಿ ತರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡುವವರ ಶ್ರಮವೂ ಬೆಲೆಯ ಒಳಗೇ ಸೇರಿದೆ.

ಕೈಯಿಂದ ತೋಡಿ ಕೂರಿಸಿದ ಚೂರು ಎರಡು ಮೂರು ಮಿಲಿಮೀಟರ್ ದಪ್ಪವಿದ್ದರೆ ಮುಂದೆ ಗೀರು ಬಿದ್ದಾಗ ಮತ್ತೆ ಉಜ್ಜಿ ಪಾಲಿಶ್ ಮಾಡಬಹುದು. ಯಂತ್ರದಲ್ಲಿ ಕೊಯ್ದ ವೆನೀರ್ ಅರ್ಧ ಮಿಲಿಮೀಟರ್ ಆಸುಪಾಸು. ಅದನ್ನು ಒಮ್ಮೆ ಜೋರಾಗಿ ಉಜ್ಜಿದರೆ ತಳದ ಮರ ಇಣುಕುತ್ತದೆ. ಲೇಸರ್‌ನಲ್ಲಿ ಕೊಯ್ದ ಚೂರಿನ ಅಂಚಿನಲ್ಲಿ ಸುಟ್ಟ ಕಂದು ಗೆರೆ ಇರುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿರುವ ಅಂಥ ಗೆರೆ ಕಂಡರೆ ಅದಕ್ಕೆ ಕೈಕೆಲಸದ ಬೆಲೆ ಕೊಡಬೇಕಾಗಿಲ್ಲ.

ಹಳೆಯದೋ, ಹಳೆಯದರಂತೆ ಮಾಡಿದ್ದೋ?

‘ಆಂಟಿಕ್’ ಎಂದು ಚೀಟಿ ಅಂಟಿಸಿದ ಸಾಮಾನಿನಲ್ಲಿ ಬಹುಪಾಲು ಹೊಸದು. ಹಳೆಯ ಮಾದರಿಯಲ್ಲಿ ಮಾಡಿದ ಹೊಸ ಮೇಜನ್ನು ಹೊಸದೆಂದೇ ಹೇಳಿ ಮಾರಿದರೆ ಅದು ಒಳ್ಳೆಯ ವ್ಯಾಪಾರ. ಹಳೆಯದೆಂದು ಮಾರಿದರೆ ನಿಮ್ಮ ದುಡ್ಡು ಹೋಯಿತು. ಗುರುತು ಹಿಡಿಯಲು ಕೆಲವು ದಾರಿಗಳಿವೆ.

ದುಂಡು ಮೇಜಿದ್ದರೆ ಟೇಪು ಹಿಡಿದು ಅಳೆಯಿರಿ. ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದರಿಂದಾಗಿ ಹಳೆಯ ಅಪ್ಪಟ ಮರದ ದುಂಡು ಮೇಜು ಕಾಲಾಂತರದಲ್ಲಿ ತುಸು ಅಂಡಾಕಾರವಾಗಿರುತ್ತದೆ. ಎರಡು ದಿಕ್ಕಿನ ಅಳತೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ಅನುಮಾನಪಡಿ.

ಮೇಜನ್ನು ಮಗುಚಿ ಕೆಳಭಾಗ ನೋಡಿ. ಕೈಗರಗಸದ ಗುರುತು ನೇರವಾಗಿ, ಒಂದಕ್ಕೊಂದು ತುಸು ಹೆಚ್ಚುಕಡಿಮೆಯಾಗಿ ಇರುತ್ತದೆ. ವೃತ್ತಾಕಾರದ ಯಂತ್ರಗರಗಸ ಬಾಗಿದ ಗೆರೆಗಳನ್ನು ಬಿಡುತ್ತದೆ. ಡ್ರಾಯರ್‌ನ ತಳಕ್ಕೆ ಪ್ಲೈವುಡ್ ಹಾಕಿದ್ದರೆ ಅದು ನೂರೈವತ್ತು ವರ್ಷದ್ದಾಗಿರಲು ಸಾಧ್ಯವಿಲ್ಲ. ಕೈಯಿಂದ ಮಾಡಿದ ತಿರುಪಿನ ತಲೆಯ ಸೀಳು ನಟ್ಟನಡುವೆ ಇರುವುದು ಕಡಿಮೆ. ನಕ್ಷತ್ರಾಕಾರದ ತಲೆಯ ತಿರುಪು ಈಚಿನದು.

ಸವೆತ ಎಲ್ಲಿದೆ ನೋಡಿ. ಕುರ್ಚಿಯ ಕೈಯ ಮುಂತುದಿ, ಡ್ರಾಯರಿನ ಹಿಡಿಯ ಸುತ್ತ, ಕಾಲು ತಾಗುವ ಪಟ್ಟಿ ಇಂಥ ಕಡೆ ಸವೆದಿದ್ದರೆ ಸಹಜ. ಯಾರ ಕೈಯೂ ತಾಗದ ಹಿಂಭಾಗದ ಮೂಲೆಯಲ್ಲೂ ಮುಂದಿನಷ್ಟೇ ಸವೆತವಿದ್ದರೆ ಉಪ್ಪು ಕಾಗದದ ಕರಾಮತ್ತು. ಕೆತ್ತನೆಯ ಸಂದಿನಲ್ಲಿ ಕಪ್ಪು ಬೂಟ್ ಪಾಲಿಶ್ ತುಂಬಿ ಹಳಮೆ ತರಿಸುವುದೂ ಉಂಟು; ಬೆರಳಿಗೆ ಹತ್ತಿದರೆ, ವಾಸನೆ ಬಂದರೆ ಗೊತ್ತಾಗುತ್ತದೆ.

ಬಿಳಿ ಭಾಗ ದಂತವೆಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಹೊರಡಿ. ಅದು ನಿಜವಾದರೆ ಕಾನೂನು ಮೀರಿದ್ದು, ಸುಳ್ಳಾದರೆ ಮೋಸ. ಉದಯಪುರದ ಶೈಲಿಯಲ್ಲಿ ಬರುವ ಬಿಳಿ ಹೂಬಳ್ಳಿಯ ಮೇಜುಗಳಲ್ಲಿ ಇರುವುದು ಒಂಟೆ, ಎಮ್ಮೆಯ ಮೂಳೆ ಮತ್ತು ನಡುವೆ ತುಂಬಿದ ರೆಸಿನ್. ಮೂಳೆಯಲ್ಲಿ ಸಣ್ಣ ಚುಕ್ಕಿ, ಗೀಟುಗಳು ಕಾಣುತ್ತವೆ. ಚುಕ್ಕಿಯೇ ಇಲ್ಲದ, ಮುಟ್ಟಿದರೆ ಬೆಚ್ಚಗಿನ ನುಣುಪಾದ ಬಿಳಿಯಾದರೆ ಬಹುತೇಕ ಪ್ಲಾಸ್ಟಿಕ್.

ಅಂಗಡಿಯಲ್ಲಿ ಐದು ನಿಮಿಷ

ಬೆರಳುಗಳನ್ನು ಚಿತ್ರದ ಮೇಲೆ ನಿಧಾನವಾಗಿ ಆಡಿಸಿ. ಚೂರಿನ ಅಂಚು ಎಲ್ಲೂ ತಡೆಯಬಾರದು. ಸಂದಿನಲ್ಲಿ ಕಪ್ಪು ಅಥವಾ ಕಂದು ಮೇಣ ತುಂಬಿದ್ದರೆ ಅದು ಕೂಡದ ಜಾಗವನ್ನು ಮುಚ್ಚಿದ ಗುರುತು. ಒಂದೆರಡು ಕಡೆ ಕ್ಷಮಿಸಬಹುದು. ಚಿತ್ರದ ಸುತ್ತಲೂ ಇದ್ದರೆ ಬೇಡ.

ಹಲಗೆಯ ತುದಿ ನೋಡಿ. ಮೇಲಿನ ಗೆರೆಗಳು ಅಂಚನ್ನು ದಾಟಿ ತುದಿಯಲ್ಲೂ ಮುಂದುವರಿದರೆ ಅಪ್ಪಟ ಮರ. ಅಂಚಿನಲ್ಲಿ ಬೇರೆ ಪಟ್ಟಿ ಹೊಡೆದಿದ್ದರೆ ಒಳಗೆ ಏನಿದೆ ಎಂದು ಕೇಳಿ.

ಬಣ್ಣದ ಪರೀಕ್ಷೆಗೆ ಅಂಗಡಿಯವರ ಒಪ್ಪಿಗೆ ಪಡೆದು, ಪಾಲಿಶ್ ಇಲ್ಲದ ಕೆಳಭಾಗದಲ್ಲಿ ಮಾತ್ರ ಸ್ಪಿರಿಟ್ ತಾಗಿಸಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಗಾಢವಾಗಿ ಕಂದು ಹತ್ತಿದರೆ ಬಣ್ಣ ಹಚ್ಚಿದ ಮರ ಇರಬಹುದು. ಬೀಟೆಯೂ ತುಸು ಬಣ್ಣ ಬಿಡುತ್ತದಾದ್ದರಿಂದ ಇದೊಂದನ್ನೇ ನಂಬಬೇಡಿ, ತೂಕ ಮತ್ತು ಎಳೆಯ ಜತೆ ಸೇರಿಸಿ ತೀರ್ಮಾನಿಸಿ. ಮೇಲ್ಭಾಗಕ್ಕೆ ಸ್ಪಿರಿಟ್ ತಾಗಿಸಲೇಬೇಡಿ, ಫ್ರೆಂಚ್ ಪಾಲಿಶ್ ಕರಗಿ ಹೋಗುತ್ತದೆ.

ಕಾಲುಗಳನ್ನು ಅಲ್ಲಾಡಿಸಿ. ಕಾಲು, ಅಡ್ಡಪಟ್ಟಿ ಗಂಡು-ಹೆಣ್ಣು ಕೂಡಿಕೆಯಲ್ಲಿ ಸೇರಿದ್ದರೆ ಬಾಳಿಕೆ ಬರುತ್ತದೆ. ಬರೀ ತಿರುಪು, ಲೋಹದ ಮೂಲೆಪಟ್ಟಿಯ ಮೇಲೆ ನಿಂತಿದ್ದರೆ ನಾಲ್ಕು ಸಲ ಮನೆ ಬದಲಿಸುವಷ್ಟರಲ್ಲಿ ಸಡಿಲವಾಗುತ್ತದೆ.

ಮರ ಎಷ್ಟು ಒಣಗಿದೆ ಎಂದು ಕೇಳಿ. ಪೀಠೋಪಕರಣದ ಮರದಲ್ಲಿ ತೇವಾಂಶ ಶೇ 8ರಿಂದ 12ರ ನಡುವೆ ಇರಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಅಳೆಯುವ ಸಣ್ಣ ಮೀಟರ್ ಇರುತ್ತದೆ. ಮುಂದೆಯೇ ಅಳೆದು ತೋರಿಸುವವರು ಸಿಕ್ಕರೆ ಅವರಲ್ಲೇ ಕೊಳ್ಳಿ. ಹಸಿ ಮರದ ಮೇಲೆ ಎಂಥ ಚಿತ್ರ ಕೂರಿಸಿದರೂ ಒಂದು ಬೇಸಿಗೆಯಲ್ಲಿ ಸಂದು ಬಿಡುತ್ತದೆ.

ಹತ್ತಿರದ ಹಲಗೆಯ ಮೇಲೆ, ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದೆಯೇ ಎಂದೂ ನೋಡಿ. ಸೂಜಿಮೊನೆಯಂಥ ತೂತು ಹಳೆಯದಾಗಿದ್ದು ಪುಡಿ ಇಲ್ಲದಿದ್ದರೆ ಹುಳು ಬಿಟ್ಟುಹೋಗಿದೆ. ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಇನ್ನೂ ಮೇಯುತ್ತಿದೆ.

ಬಿಲ್ಲು, ಪರವಾನಗಿ, ಪರದೇಶ

ಕರ್ನಾಟಕದಲ್ಲಿ ಬೀಟೆ ಮರವನ್ನು ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಕೊಯ್ದ ದಿಮ್ಮಿ, ಹಲಗೆ ಸಾಗಿಸಲೂ ಇಲಾಖೆಯ ರಹದಾರಿ ಬೇಕು. ‘ನಮ್ಮ ತೋಟದ ಬೀಟೆ ಇದೆ, ನೀವೇ ಮಾಡಿಸಿಕೊಳ್ಳಿ’ ಎಂದು ಯಾರಾದರೂ ಅಂದರೆ ಕಾಗದಪತ್ರ ನೋಡದೆ ಕೈಹಾಕಬೇಡಿ. ಸಿದ್ಧ ಪೀಠೋಪಕರಣ ಕೊಂಡಾಗ ಬಿಲ್ಲಿನಲ್ಲಿ ಮರದ ಹೆಸರನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ‘ವುಡನ್ ಟೇಬಲ್ – 1’ ಎಂದು ಬರೆದ ಬಿಲ್ಲು ನಾಳೆ ಗ್ರಾಹಕ ಆಯೋಗಕ್ಕೆ ಹೋದರೂ ಪ್ರಯೋಜನಕ್ಕೆ ಬರುವುದಿಲ್ಲ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಮಕ್ಕಳಿಗೆ ಕಳಿಸುವವರು ಇನ್ನೂ ಕೆಲವು ಸಂಗತಿ ತಿಳಿದಿರಬೇಕು. ಬೀಟೆ, ಶೀಶಂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2019ರಲ್ಲಿ ಸಿದ್ಧವಸ್ತುಗಳಿಗೆ 10 ಕೆ.ಜಿ.ವರೆಗೆ ರಿಯಾಯಿತಿ ಸಿಕ್ಕಿತು. 2022ರಲ್ಲಿ ಭಾರತದ ಕರಕುಶಲ ರಫ್ತುದಾರರ ಕೋರಿಕೆಯ ಮೇರೆಗೆ ಆ ಮಿತಿಯನ್ನು ಒಂದೊಂದು ವಸ್ತುವಿಗೆ ಲೆಕ್ಕ ಹಾಕಬಹುದೆಂಬ ಸ್ಪಷ್ಟನೆ ಬಂತು. ಅಂದರೆ ಪೆಟ್ಟಿಗೆ, ಫಲಕ, ಚಿಕ್ಕ ಟೀಪಾಯಿಗೆ ತೊಂದರೆ ಕಡಿಮೆ. ಮೇಲೆ ಹೇಳಿದ ನಾಲ್ಕಡಿ ಮೇಜಿನ ಹಲಗೆಯೊಂದೇ ಈ ಮಿತಿಯನ್ನು ದಾಟುತ್ತದೆ. ದೊಡ್ಡ ಸಾಮಾನು ಕಳಿಸುವುದಾದರೆ ಕಾಗದಪತ್ರ ಮಾಡಿಕೊಡುವ ಅನುಭವಿ ರಫ್ತುದಾರರ ಮೂಲಕವೇ ಕಳಿಸಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮರದ ಯಾವ ವಸ್ತುವನ್ನಾದರೂ ಇಳಿದ ಕೂಡಲೇ ಘೋಷಿಸಬೇಕು. ಹುಳದ ಗುರುತು ಕಂಡರೆ ಒಳಗೆ ಬಿಡುವುದಿಲ್ಲ.

ನಿಜಕ್ಕೂ ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹಳೆಯದರಂತೆ ಕಾಣುವ ಹೊಸ ಸಾಮಾನಿಗೆ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪಡೆಯಬಹುದು.

ಮನೆಗೆ ತಂದ ಮೇಲೆ

ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬೇಡಿ. ಬೀಟೆ ಮಾಸುತ್ತದೆ, ಹಲಸು ಕಂದಾಗುತ್ತದೆ, ಪಡೌಕಿನ ಕೆಂಪು ಅಡಗುತ್ತದೆ. ಎಲ್ಲ ಬಣ್ಣವೂ ಒಂದರ ಹತ್ತಿರ ಒಂದು ಬಂದರೆ ಚಿತ್ರವೇ ಮಂಕಾಗುತ್ತದೆ. ಹೂದಾನಿ, ಮೇಜುಬಟ್ಟೆ ಒಂದೇ ಕಡೆ ತಿಂಗಳುಗಟ್ಟಲೆ ಇಟ್ಟರೆ ಅದರಡಿಯ ಭಾಗ ಮಾತ್ರ ಗಾಢವಾಗಿ ಉಳಿಯುತ್ತದೆ. ಆಗಾಗ ಜಾಗ ಬದಲಿಸಿ.

ಧೂಳನ್ನು ಒಣ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಎಳೆಯ ಉದ್ದಕ್ಕೆ ಒರೆಸಿ. ಒದ್ದೆ ಬಟ್ಟೆ, ಫಿನಾಯಿಲ್, ಗಾಜು ಒರೆಸುವ ದ್ರಾವಣ ಮೂರೂ ಬೇಡ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಹೊಳಪು ಕೊಡುತ್ತದೆ ನಿಜ, ಆದರೆ ಮುಂದೆ ಫ್ರೆಂಚ್ ಪಾಲಿಶ್ ಮಾಡಿಸಬೇಕೆಂದಾಗ ಹೊಸ ಲೇಪ ಹಿಡಿಯದಂತೆ ಮಾಡುತ್ತದೆ. ವರ್ಷಕ್ಕೊಂದೆರಡು ಸಲ ಜೇನುಮೇಣದ ಪಾಲಿಶನ್ನು ಬಹಳ ತೆಳುವಾಗಿ ಹಚ್ಚಿ ಒರೆಸಿದರೆ ಸಾಕು. ಬಿಸಿ ಕಾಫಿ ಲೋಟ ನೇರವಾಗಿ ಇಟ್ಟರೆ ಅರಗಿನ ಲೇಪದಲ್ಲಿ ಬಿಳಿ ಉಂಗುರ ಏಳುತ್ತದೆ. ಲೋಟದಡಿಗೆ ಏನಾದರೂ ಇಡುವುದನ್ನು ಮನೆಮಂದಿಗೆಲ್ಲ ರೂಢಿಮಾಡಿಸಿ.

ಮರಕ್ಕೆ ಶೇ 40ರಿಂದ 60ರ ಆರ್ದ್ರತೆ ಹಿತ. ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಿ, ಗಾಳಿಯಾಡಲಿ. ಚಳಿ ದೇಶಗಳಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತೀರ ಒಣಗಿರುವುದರಿಂದ ಬೆಂಗಳೂರಿನಲ್ಲಿ ಬಿಗಿಯಾಗಿದ್ದ ಕೂಡಿಕೆ ಅಲ್ಲಿ ಬಿರುಕು ಬಿಡುತ್ತದೆ. ಹೀಟರ್‌ನಿಂದ ದೂರ ಇಟ್ಟು, ಕೋಣೆಗೆ ಹ್ಯುಮಿಡಿಫೈಯರ್ ಹಾಕಿದರೆ ಬಚಾವು. ಎಸಿಯ ಗಾಳಿ ನೇರ ಬಡಿಯುವ ಜಾಗಕ್ಕೂ ಇದೇ ಮಾತು.

ಚೂರೊಂದು ಎದ್ದರೆ ಎಸೆಯಬೇಡಿ, ಮನೆಯಲ್ಲೇ ಸೂಪರ್ ಗ್ಲೂ ಹಾಕಿ ಅಂಟಿಸಲೂ ಬೇಡಿ. ಆ ಚೂರನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟು ಇನ್‌ಲೇ ಕೆಲಸ ಬಲ್ಲವರಿಗೆ ತೋರಿಸಿ. ಅದೇ ಬಣ್ಣಕ್ಕೆ ತಿರುಗಿದ ಹಳೆಯ ಮರದ ತುಂಡು ಹುಡುಕುವುದು ಚೂರನ್ನು ಮತ್ತೆ ಕೂರಿಸುವುದಕ್ಕಿಂತ ಕಷ್ಟ. ಕುಟ್ಟೆಯ ಪುಡಿ ಕಂಡರೆ ತಡಮಾಡದೆ ಆ ಸಾಮಾನನ್ನು ಉಳಿದವುಗಳಿಂದ ದೂರ ಇಟ್ಟು, ತೂತಿನೊಳಗೆ ಔಷಧ ಹಾಕುವವರನ್ನು ಕರೆಸಿ.

ಕೊನೆಗೊಂದು ಮಾತು. ಬೀಟೆ ನಿಧಾನಕ್ಕೆ ಬೆಳೆಯುವ ಮರ, ಕಾಡಿನಲ್ಲಿ ಕಡಿಮೆಯಾಗುತ್ತಿದೆ; ಅದರ ಅಗಲ ಹಲಗೆಯ ಬೆಲೆ ಇಳಿಯುವ ಸಂಭವವಿಲ್ಲ. ಜೇಬು ಚಿಕ್ಕದಾದರೆ ದೊಡ್ಡ ಕಳಪೆ ಮೇಜಿನ ಬದಲು ಬಿಗಿಯಾಗಿ ಕೂಡಿಸಿದ ಚಿಕ್ಕ ಪೆಟ್ಟಿಗೆಯನ್ನೋ ಫಲಕವನ್ನೋ ಕೊಳ್ಳಿ. ಸಾಧ್ಯವಾದರೆ ಮೈಸೂರಿನ ಕಸುಬುದಾರರ ಹತ್ತಿರವೇ ಹೋಗಿ ಹೇಳಿ ಮಾಡಿಸಿ: ತಳಕ್ಕೆ ಯಾವ ಮರ, ಚಿತ್ರಕ್ಕೆ ಯಾವ್ಯಾವ ಮರ, ಎಷ್ಟು ದಪ್ಪ, ಯಾವ ಪಾಲಿಶ್ ಎಂದು ಕೇಳಿ ಬರೆಸಿಕೊಳ್ಳಿ. ಈ ನಾಲ್ಕು ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರ ಕೈಯಿಂದ ಕೊಂಡ ಸಾಮಾನಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ.